ಕೇರಿ ಓದಬೇಕು

ಪುಸ್ತಕ ಓದಿದವನು ದೊಡ್ಡ ಮನುಷ್ಯನಾಗುತ್ತಾನೆ ಎಂದು ಹೇಳದ ಮೇಷ್ಟ್ರಿಲ್ಲ, ಹೇಳದ ಮಂತ್ರಿಯಿಲ್ಲ. ಗ್ರಂಥಾಲಯ ಸಪ್ತಾಹ ಬಂತೆಂದರೆ ಈ ಮಾತು ಊರೂರಿನ ಮೈಕಿನಲ್ಲಿ ಮೊಳಗುತ್ತದೆ. 'ದೇಶ ಸುತ್ತು, ಕೋಶ ಓದು' ಎಂಬ ಗಾದೆಯನ್ನು ಶಾಲೆಯ ಗೋಡೆಯ ಮೇಲೆ ಬರೆಸುತ್ತಾರೆ. ಗಾದೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ಯಾರಿಗೆ ಹೇಳಿದ ಮಾತು ಅಂತ ಕೇಳುತ್ತೇವೆ. ಅಗ್ರಹಾರದ ಬೀದಿಗೆ ಕಾಲಿಡಕೂಡದು ಎಂಬ ಕಟ್ಟಳೆಯಲ್ಲಿ ಬದುಕಿದವನಿಗೆ ಯಾವ ದೇಶ? ಅಕ್ಷರ ಕಿವಿಗೆ ಬಿದ್ದರೂ ಪಾಪವೆಂದು ಹೇಳಿಸಿಕೊಂಡವನಿಗೆ ಯಾವ ಕೋಶ? ಸುತ್ತುವವನು ಸುತ್ತಿದ, ಓದುವವನು ಓದಿದ. ಅವನ ದನ ಕಾಯ್ದವನು, ಅವನ ಹೊಲ ಉತ್ತವನು, ಅವನ ಮನೆ ಸತ್ತ ದನ ಹೊತ್ತವನು ಈ ಗಾದೆಯ ಹೊರಗೇ ನಿಂತಿದ್ದ.

ಆದ್ದರಿಂದ ಓದು ಮನುಷ್ಯನನ್ನು ರೂಪಿಸುತ್ತದೆ ಎಂಬ ಮಾತನ್ನು ನಾವು ಕೊಂಚ ತಿರುವಿ ನೋಡಬೇಕಾಗಿದೆ. ಪುಸ್ತಕ ನಮ್ಮನ್ನು ಏನು ಮಾಡುತ್ತದೆ ಎಂದು ಕೇಳುವ ಮೊದಲು, ಪುಸ್ತಕ ನಮ್ಮನ್ನು ಎಲ್ಲಿ ಕೂರಿಸುತ್ತದೆ ಎಂದು ಕೇಳಬೇಕು.

ಕೂರಿಸುವುದು ಎಂದರೆ ಇಲ್ಲಿ ಬರೀ ಮಾತಲ್ಲ. ಬಾಬಾಸಾಹೇಬ ಅಂಬೇಡ್ಕರ್ ಸಾತಾರಾದ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತು ಓದಿದವರು. ಆ ತಟ್ಟನ್ನು ಶಾಲೆ ಗುಡಿಸುವ ಆಳೂ ಮುಟ್ಟುತ್ತಿರಲಿಲ್ಲ. ಸಾಯಂಕಾಲ ಅದನ್ನು ಸುತ್ತಿಕೊಂಡು ಮನೆಗೆ ಹೋಗಬೇಕು, ಬೆಳಗ್ಗೆ ಮತ್ತೆ ಹೊತ್ತು ತರಬೇಕು. ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಬಾರದಿದ್ದರೆ ಒಣಗಂಟಲು. ಮುಂದೆ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯಬೇಕೆಂಬ ಆಸೆಗೂ ಬಾಗಿಲು ಹಾಕಿದರು, ಪಾರ್ಸಿ ಭಾಷೆ ತೆಗೆದುಕೊಳ್ಳಬೇಕಾಯಿತು. ಒಂದು ಕಡೆ ಗೋಣಿತಟ್ಟು, ಇನ್ನೊಂದು ಕಡೆ ಮುಚ್ಚಿದ ಪುಸ್ತಕ. ನಮ್ಮ ಓದಿನ ಚರಿತ್ರೆ ಇವೆರಡರ ನಡುವೆ ಶುರುವಾಗುತ್ತದೆ.

ಇದು ನಮ್ಮೊಬ್ಬರ ಕತೆಯೂ ಅಲ್ಲ. ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿದ ಫ್ರೆಡೆರಿಕ್ ಡಗ್ಲಾಸ್ 1845ರಲ್ಲಿ ತನ್ನ ಆತ್ಮಕತೆ ಪ್ರಕಟಿಸಿದ. ಒಡತಿ ಅವನಿಗೆ ಅಕ್ಷರ ಕಲಿಸಲು ತೊಡಗಿದಾಗ ಒಡೆಯ ತಡೆದ. ಓದು ಕಲಿತ ಗುಲಾಮ ಕೈಗೆ ಸಿಕ್ಕುವುದಿಲ್ಲ ಎಂಬುದು ಒಡೆಯನ ಹೆದರಿಕೆ. ಆ ಹೆದರಿಕೆಯೇ ಹುಡುಗನಿಗೆ ಮೊದಲ ಪಾಠವಾಯಿತು. ಬೀದಿಯ ಬಡ ಬಿಳಿಯ ಹುಡುಗರಿಗೆ ತನ್ನ ರೊಟ್ಟಿ ಕೊಟ್ಟು ಅವರಿಂದ ಅಕ್ಷರ ಕಲಿತ. ರೊಟ್ಟಿ ಕೊಟ್ಟು ಅಕ್ಷರ ಕೊಂಡ! ಅಲ್ಲಿಗೂ ಇಲ್ಲಿಗೂ ಇರುವ ನಂಟನ್ನು ಮೊದಲು ಕಂಡವರು ಜೋತಿಬಾ ಫುಲೆ. ಹೆಂಡತಿ ಸಾವಿತ್ರಿಬಾಯಿಯವರ ಜೊತೆ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆಗೆದ ಅವರು, 1873ರಲ್ಲಿ 'ಗುಲಾಮಗಿರಿ' ಬರೆದು ಅದನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನಕ್ಕೆ ಅರ್ಪಿಸಿದರು.

ಹೀಗೆ ಬೇಲಿ ಹಾರಿ ಬಂದವರಿಗೆ ಒಂದು ಅಪಾಯ ಕಾದಿರುತ್ತದೆ. ಯಾವುದನ್ನು ಶತಮಾನಗಳ ಕಾಲ ಮುಟ್ಟಗೊಡಲಿಲ್ಲವೋ ಅದು ಕೈಗೆ ಸಿಕ್ಕಿದಾಗ ಕಣ್ಣಿಗೊತ್ತಿಕೊಳ್ಳುವ ಅಪಾಯ. ಅಚ್ಚಾದದ್ದೆಲ್ಲ ಸತ್ಯ ಅನ್ನುವ ಅಪಾಯ. ಆಯುಧಪೂಜೆಯ ದಿನ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಆವತ್ತು ಓದಬಾರದು ಅನ್ನುತ್ತಾರಲ್ಲ, ಆ ಪೂಜೆ ವರ್ಷವಿಡೀ ನಡೆದರೆ ಗತಿಯೇನು? ಪೂಜೆಗೆ ಕೂತ ಪುಸ್ತಕವನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ಅಕ್ಷರವನ್ನು ನಮ್ಮಿಂದ ದೂರ ಇಟ್ಟವರಿಗೆ ಬೇಕಾಗಿದ್ದೂ ಅದೇ ಅಲ್ಲವೆ?

ನಮ್ಮ ಕಾವ್ಯಮೀಮಾಂಸೆಯಲ್ಲಿ ಓದುಗನಿಗೆ 'ಸಹೃದಯ' ಅಂತ ಹೆಸರು. ಕವಿಯ ಹೃದಯಕ್ಕೆ ಸಮನಾದ ಹೃದಯ ಉಳ್ಳವನು. ಎಂ.ಎ. ತರಗತಿಗಳಲ್ಲಿ ಇದನ್ನು ಉರು ಹೊಡೆಸುತ್ತಾರೆ. ಚೆಂದದ ಮಾತೇ. ಆದರೆ ಕೇರಿಯ ಹುಡುಗ ಪಾಠದ ಮಧ್ಯೆ ತನ್ನ ಜಾತಿಯ ಹೆಸರು ಬೈಗುಳವಾಗಿ ಬಂದಾಗ ಏನು ಮಾಡಬೇಕು? ತರಗತಿಯೆಲ್ಲ ತಿರುಗಿ ಅವನ ಮುಖ ನೋಡಿ ನಗುತ್ತದೆ. ಅವನೂ ನಗಬೇಕೆ? ಕವಿಯ ಹೃದಯಕ್ಕೆ ಸಮನಾಗಬೇಕಾದರೆ ನಗಬೇಕು. ತನ್ನ ಅವ್ವನ ಹೃದಯಕ್ಕೆ ಸಮನಾಗಬೇಕಾದರೆ ಪುಸ್ತಕ ಮುಚ್ಚಿ ಎದ್ದು ಹೋಗಬೇಕು. ಈ ಇಕ್ಕಟ್ಟು ಯಾವ ಲಕ್ಷಣಗ್ರಂಥದಲ್ಲೂ ಇಲ್ಲ. ಹೃದಯವೇ ಬೇರೆ ಬೇರೆ ಕೇರಿಯಲ್ಲಿ ಬೆಳೆದ ದೇಶದಲ್ಲಿ ಸಹೃದಯನನ್ನು ಎಲ್ಲಿಂದ ತರುತ್ತೀರಿ?

ಮಾತು ಗಾಳಿಯಲ್ಲಿ ಹಾರಬಾರದು, ಪುಸ್ತಕಗಳನ್ನೇ ತೆರೆದು ನೋಡೋಣ. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂತು. ನಾರಣಪ್ಪ ಸತ್ತಿದ್ದಾನೆ, ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬುದು ಅಗ್ರಹಾರದ ಪ್ರಶ್ನೆ. ಈ ಕಾದಂಬರಿಯ ಮೇಲೆ ಬಂದ ವಿಮರ್ಶೆಯನ್ನು ಪೇರಿಸಿದರೆ ಒಂದು ಗಾಡಿ ಭರ್ತಿಯಾದೀತು. ಪ್ರಾಣೇಶಾಚಾರ್ಯರ ದ್ವಂದ್ವ, ಅಸ್ತಿತ್ವದ ಆತಂಕ, ಆಯ್ಕೆಯ ಸಂಕಟ ಎಂದು ನವ್ಯ ವಿಮರ್ಶಕರು ಬರೆದರು, ಬರೆದರು. ಅದೇ ಪುಸ್ತಕದ ಅಂಚಿನಲ್ಲಿ ಒಂದು ಹೊಲಗೇರಿ ಇದೆ. ಅಲ್ಲಿಯೂ ಹೆಣ ಬೀಳುತ್ತವೆ. ಆ ಹೆಣಗಳಿಗೆ ಶಾಸ್ತ್ರದ ಪ್ರಶ್ನೆಯಿಲ್ಲ, ಗುಡಿಸಲಿನ ಸಮೇತ ಬೆಂಕಿ ಹಚ್ಚುತ್ತಾರೆ, ಮುಗಿಯಿತು. ಆ ಕೇರಿಯಲ್ಲಿ ಬೆಳ್ಳಿ ಎಂಬ ಹೆಣ್ಣಿದ್ದಾಳೆ. ಇಲಿಗಳ ವಿಚಾರ, ಜನ ಸತ್ತ ವಿಚಾರ ಅವಳು ತನ್ನನ್ನು ಹುಡುಕಿಕೊಂಡು ಬರುವ ಶ್ರೀಪತಿಗೆ ಹೇಳುತ್ತಾಳೆ. ಅವನಿಗೆ ಅವಳ ಮೈ ಬೇಕು, ಮಾತು ಬೇಡ. ಊರಿಗೆ ಬಂದಿರುವುದು ಪ್ಲೇಗು ಎಂಬ ಸುದ್ದಿ ಆ ಮಾತಿನಲ್ಲೇ ಇತ್ತು. ಪಂಡಿತರೆಲ್ಲ ಓಲೆಗರಿ ತಡಕುತ್ತಿದ್ದಾಗ ಬೆಳ್ಳಿಯ ನಾಲಗೆಯ ಮೇಲೆ ಉತ್ತರವಿತ್ತು, ಕೇಳುವ ಕಿವಿ ಇರಲಿಲ್ಲ.

ಇದನ್ನು ಅನಂತಮೂರ್ತಿಯವರೇ ಬರೆದಿದ್ದಾರೆ, ನಾವು ಸೇರಿಸಿದ್ದಲ್ಲ. ಪುಸ್ತಕಕ್ಕೆ ಗೊತ್ತಿದ್ದ ಸಂಗತಿ ಅದನ್ನು ಓದಿದವರಿಗೆ ಗೊತ್ತಾಗಲಿಲ್ಲ. ಶ್ರೀಪತಿ ಬೆಳ್ಳಿಯ ಮಾತನ್ನು ಹೇಗೆ ದಾಟಿ ಹೋದನೋ ನಮ್ಮ ವಿಮರ್ಶೆಯ ದೊಡ್ಡ ಭಾಗವೂ ಹಾಗೇ ದಾಟಿ ಹೋಯಿತು. ಜಗಲಿಯ ಮೇಲೆ ಕೂತು ಓದಿದವರಿಗೆ ಜಗಲಿಯ ಚಿಂತೆ ಕಂಡಿತು. ಪುಸ್ತಕ ಓದುಗನನ್ನು ರೂಪಿಸುತ್ತದೆ ಎನ್ನುವುದು ಅರ್ಧ ಸತ್ಯ. ಓದುಗ ಕೂತ ಜಾಗವೂ ಪುಸ್ತಕವನ್ನು ರೂಪಿಸುತ್ತದೆ ಎನ್ನುವುದು ಉಳಿದರ್ಧ. ಒಂದು ಕಾದಂಬರಿಯನ್ನು ಕೇರಿಯಲ್ಲಿ ಗಟ್ಟಿಯಾಗಿ ಓದಿ ನೋಡಿ. ಅಕ್ಷರ ಗೊತ್ತಿಲ್ಲದ ಅವ್ವನೊಬ್ಬಳು ನಡುವೆ ಬಾಯಿ ಹಾಕುತ್ತಾಳೆ: "ಅಲ್ಲ ಕಣ್ಲಾ ಮಗ, ಆ ಹೆಣ್ಣು ಬಾಯ್ಬುಟ್ಟು ಹೇಳ್ದಾಗ ಒಬ್ನೂ ಕೇಳ್ನಿಲ್ವಾ?" ಗಾಡಿ ತುಂಬ ವಿಮರ್ಶೆಗಿಂತ ಈ ಒಂದು ಪ್ರಶ್ನೆ ಭಾರವಾದದ್ದು.

ಇನ್ನೂ ಹಿಂದಕ್ಕೆ ಹೋದರೆ ಶಿವರಾಮ ಕಾರಂತರ 'ಚೋಮನ ದುಡಿ', 1933. ಅಲ್ಲಿಯೂ ಒಬ್ಬಳು ಬೆಳ್ಳಿ, ಚೋಮನ ಮಗಳು. ಚೋಮನಿಗೆ ಎತ್ತಿವೆ, ಹೊಲವಿಲ್ಲ. ಹೊಲೆಯ ಬೇಸಾಯ ಮಾಡಕೂಡದು ಎಂಬುದು ಊರಿನ ಕಟ್ಟು. ಸಾಲಕ್ಕಾಗಿ ಮಕ್ಕಳು ಕಾಫಿತೋಟಕ್ಕೆ ಹೋಗುತ್ತಾರೆ. ಒಬ್ಬ ಮಗ ಮತ ಬಿಟ್ಟು ಹೋಗುತ್ತಾನೆ, ಇನ್ನೊಬ್ಬ ರೋಗಕ್ಕೆ ಬಲಿ. ಚಿಕ್ಕವನು ಹೊಳೆಯಲ್ಲಿ ಮುಳುಗುವಾಗ ದಡದ ಮೇಲಿನ ಮೇಲ್ಜಾತಿಯವರು ಮುಟ್ಟಿ ಎತ್ತುವುದಿಲ್ಲ. ಕೊನೆಗೆ ಚೋಮ ದುಡಿ ಬಾರಿಸುತ್ತ ಸಾಯುತ್ತಾನೆ. ಬಿ.ವಿ. ಕಾರಂತರು 1975ರಲ್ಲಿ ಇದನ್ನು ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ಥಿಯೇಟರಿನಲ್ಲಿ ಜನ ಅತ್ತರು. ಅತ್ತದ್ದು ಸುಳ್ಳಲ್ಲ. ಆದರೆ ಕಣ್ಣೀರು ಒರೆಸಿಕೊಂಡು ಹೊರಗೆ ಬಂದ ಮೇಲೆ ಏನಾಯಿತು?

ನಾವು ಚೋಮನನ್ನು ಹೀಗೆ ಓದುತ್ತೇವೆ. ಸಿನಿಮಾ ಬರುವುದಕ್ಕೆ ಒಂದು ವರ್ಷ ಮೊದಲು, 1974ರಲ್ಲಿ, ದೇವರಾಜ ಅರಸರ ಸರ್ಕಾರ ಭೂಸುಧಾರಣೆಯ ತಿದ್ದುಪಡಿ ತಂದಿತು. ಉಳುವವನೇ ಹೊಲದೊಡೆಯ ಎಂದಿತು. ದೊಡ್ಡ ಕೆಲಸ. ಸಾವಿರಾರು ಗೇಣಿದಾರರು ಒಡೆಯರಾದರು. ಆದರೆ ಚೋಮ ಗೇಣಿದಾರನಲ್ಲ, ಜೀತದಾಳು. ಉಳುವ ಹಕ್ಕನ್ನೇ ಕೊಡದವನು ಉಳುವವನ ಪಟ್ಟಿಯಲ್ಲಿ ಹೇಗೆ ಬಂದಾನು? ಚೋಮ ಅರ್ಜಿ ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತಿದ್ದರೆ 'ಗೇಣಿ ಚೀಟಿ ಎಲ್ಲಿ?' ಎಂದು ಕೇಳುತ್ತಿದ್ದರು. ಜೀತ ರದ್ದಿಗೆ 1976ರ ಕಾಯ್ದೆ ಬೇಕಾಯಿತು. ಪರಿಶಿಷ್ಟರಿಗೆ ಮಂಜೂರಾದ ಭೂಮಿ ಕೈಬಿಡದಂತೆ ತಡೆಯಲು 1978ರ ಕಾಯ್ದೆ ಬೇಕಾಯಿತು. ಇಷ್ಟು ಕಾಯ್ದೆ ಬಂದ ಮೇಲೂ ಭೂಮಿಯಿಲ್ಲದವರು ಕೇರಿಯಲ್ಲೇ ಹೆಚ್ಚು. ಹೀಗೆ ಓದಿದಾಗ ಚೋಮ ಕರುಣೆಯ ಗೊಂಬೆಯಾಗಿ ಉಳಿಯುವುದಿಲ್ಲ, ತಾಲ್ಲೂಕು ಕಚೇರಿಯ ಮುಂದೆ ನಮ್ಮ ಜೊತೆ ನಿಲ್ಲುತ್ತಾನೆ. ಅಳಿಸುವ ಓದಿಗೂ ಎಬ್ಬಿಸುವ ಓದಿಗೂ ಇರುವ ವ್ಯತ್ಯಾಸ ಇಷ್ಟೆ.

ಕರುಣೆಯಿಲ್ಲದೆ ನಮ್ಮವರನ್ನು ಬರೆಯಲು ಸಾಧ್ಯವೆಂಬುದಕ್ಕೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಗುತ್ತಿಯೇ ಸಾಕ್ಷಿ. ಅವನೂ ಹೊಲೆಯರ ಆಳು. ಆದರೆ ತಾನು ಮೆಚ್ಚಿದ ತಿಮ್ಮಿಯನ್ನು ಕರೆದುಕೊಂಡು ಕಾಡಿನಲ್ಲಿ ಓಡುತ್ತಾನೆ. ಅವನ ಜೊತೆ ಅವನ ನಾಯಿ ಹುಲಿಯ. ಓದುವವನು ಗುತ್ತಿಯ ಮೇಲೆ ಮರುಕಪಡುತ್ತ ಕೂರಲು ಪುರಸೊತ್ತೇ ಇಲ್ಲ, ಅವನ ಹಿಂದೆ ಓಡಬೇಕು.

ಈಗ 'ಬೂಸಾ' ಮಾತಿಗೆ ಬರೋಣ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂಬ ಅರ್ಥದ ಮಾತಾಡಿದರು. ನಾಡಿಗೆ ಬೆಂಕಿ ಬಿತ್ತು. ಹಾಸ್ಟೆಲುಗಳ ದಲಿತ ವಿದ್ಯಾರ್ಥಿಗಳ ಮೇಲೆ ಕಲ್ಲು ಬಿದ್ದವು. ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಆ ಗಲಾಟೆಯ ಒಡಲಿನಿಂದಲೇ ದಲಿತ ಚಳವಳಿ ಎದ್ದಿತೆಂಬುದು ಎಲ್ಲರಿಗೂ ಗೊತ್ತಿದೆ. ಒಂದು ಸಂಗತಿಯನ್ನು ಮಾತ್ರ ಇಲ್ಲಿ ಹೇಳಬೇಕು. ಆವತ್ತು ಸಿಟ್ಟಾದವರಿಗೆ ಬೂಸಾ ಎಂದರೆ ಬೈಗುಳವಾಗಿ ಕೇಳಿಸಿತು. ದನ ಸಾಕಿದವರಿಗೆ ಅದು ಬೈಗುಳವಲ್ಲ, ದಿನದ ಕೆಲಸ. ಬೂಸಾ ಯಾವುದು, ಕಾಳು ಯಾವುದು ಅಂತ ಬೇರೆ ಮಾಡಲು ತಿಳಿದವರು ನಮ್ಮ ಹೆಂಗಸರು. ಮೊರಕ್ಕೆ ಹಾಕಿ ಕೇರುತ್ತಾರೆ. ಜೊಳ್ಳು ಹಾರುತ್ತದೆ, ಕಾಳು ಉಳಿಯುತ್ತದೆ. ಜೊಳ್ಳಿದೆ ಅಂತ ಯಾರೂ ರಾಶಿಗೆ ಬೆಂಕಿ ಇಡುವುದಿಲ್ಲ, ರಾಶಿ ದೊಡ್ಡದು ಅಂತ ಜೊಳ್ಳನ್ನು ಬೇಯಿಸಿ ಉಣ್ಣುವುದೂ ಇಲ್ಲ. ನಾವು ಕೇರಿ ಓದಬೇಕು ಅನ್ನುವುದು ಈ ಅರ್ಥದಲ್ಲಿ.

ಹೀಗೆ ಕೇರಿ ಓದಿದವರು ಕನ್ನಡದಲ್ಲಿ ಮೊದಲೂ ಇದ್ದರು. ಶೂದ್ರ ಶಂಬೂಕ ತಪಸ್ಸು ಮಾಡಿದನೆಂದು ರಾಮ ಅವನ ತಲೆ ಕಡಿದ ಕತೆ ಉತ್ತರಕಾಂಡದಲ್ಲಿದೆ. ಇದನ್ನು ಓದಿದ ಕುವೆಂಪು 1944ರಲ್ಲಿ 'ಶೂದ್ರ ತಪಸ್ವಿ' ನಾಟಕ ಬರೆದರು. ಅಲ್ಲಿ ರಾಮನ ಬಾಣ ಶಂಬೂಕನನ್ನು ಕೊಲ್ಲದೆ, ದೂರು ತಂದ ಬ್ರಾಹ್ಮಣನ ಬೆನ್ನು ಹತ್ತುತ್ತದೆ. ಹಳೆಯ ಕತೆಯನ್ನು ಹೀಗೆ ಬದಲಾಯಿಸುವುದನ್ನು ಮಾಸ್ತಿಯವರು ಒಪ್ಪಲಿಲ್ಲ. ಅದು ಇಬ್ಬರು ದೊಡ್ಡ ಲೇಖಕರ ಜಗಳವಷ್ಟೇ ಅಲ್ಲ, ಎರಡು ಬಗೆಯ ಓದಿನ ಜಗಳ. ಒಂದು ಓದು ಕತೆಗೆ ತಲೆ ಬಾಗುತ್ತದೆ. ಇನ್ನೊಂದು ಕತೆಯಲ್ಲಿ ತಲೆ ಕಳೆದುಕೊಂಡವನ ಕಡೆ ನಿಲ್ಲುತ್ತದೆ.

ಅಂಬೇಡ್ಕರರ ಓದು ಈ ಎರಡನೆಯ ಬಗೆಯದು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಅವರ ಮುಂದಾಳುತನದಲ್ಲಿ ಮನುಸ್ಮೃತಿಯನ್ನು ಸುಟ್ಟರು. ಅದೇ ಅಂಬೇಡ್ಕರ್ ಬೊಂಬಾಯಿಯ ದಾದರಿನಲ್ಲಿ ರಾಜಗೃಹ ಕಟ್ಟಿದಾಗ ಮನೆಯನ್ನು ಪುಸ್ತಕಗಳಿಗಾಗಿಯೇ ಕಟ್ಟಿದರು. ಪುಸ್ತಕ ಸುಟ್ಟವನಿಗೆ ಪುಸ್ತಕದ ಮೇಲೆ ಅಷ್ಟು ಪ್ರೀತಿಯೆ ಎಂದು ಕೆಲವರು ಆಶ್ಚರ್ಯಪಡುತ್ತಾರೆ. ಆಶ್ಚರ್ಯವೇನಿಲ್ಲ. ಅವರು ಮನುವನ್ನು ಓದದೆ ಸುಟ್ಟವರಲ್ಲ, ಪೂಜೆ ಮಾಡುವವರಿಗಿಂತ ಹೆಚ್ಚು ಓದಿದ್ದವರು. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಭಾಷಣಕ್ಕೆ ಕರೆಯಿತು. ಬರೆದ ಭಾಷಣ ಓದಿ ಗಾಬರಿಯಾಗಿ ಕೆಲವು ಭಾಗ ತೆಗೆಯಿರಿ ಎಂದಿತು. ಅವರು ಒಪ್ಪಲಿಲ್ಲ, ಸಮ್ಮೇಳನವೇ ನಿಂತಿತು. ತಮ್ಮ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಎರಡು ತಿಂಗಳಲ್ಲಿ ಮುಗಿದವು. 'ಜಾತಿ ವಿನಾಶ' ಎಂದು ನಾವು ಈಗ ಓದುತ್ತಿರುವುದು ಆ ನಿಂತುಹೋದ ಭಾಷಣವನ್ನು.

ಇಷ್ಟಾದರೂ ಒಂದು ಕೊರತೆ ಇತ್ತು. ಬೇರೆಯವರು ನಮ್ಮನ್ನು ಬರೆದದ್ದನ್ನು ನಾವು ಎಷ್ಟೇ ಕೇರಿ ಓದಿದರೂ ನಾವು ಅಲ್ಲಿ ಅತಿಥಿಗಳೇ. ನಮ್ಮ ಒಲೆಯ ಮುಂದೆ ಕೂತು ಬರೆದದ್ದು ಬೇಕಾಗಿತ್ತು. ದೇವನೂರ ಮಹಾದೇವರ 'ದ್ಯಾವನೂರು' 1973ರಲ್ಲಿ, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದವು. ಆಮೇಲೆ 'ಒಡಲಾಳ'. ಸಾಕವ್ವನ ಹುಂಜ ಕಳೆದುಹೋಗಿದೆ. ಅದೇ ಅವಳಿಗೆ ಜಗತ್ತಿನ ದೊಡ್ಡ ಸುದ್ದಿ. ರಾತ್ರಿ ಮನೆಗೆ ಕದ್ದು ತಂದ ಕಡಲೆಕಾಯಿ ಬರುತ್ತದೆ. ಮನೆಮಂದಿಯೆಲ್ಲ ಕೂತು ಸುಲಿದು ತಿನ್ನುತ್ತಾರೆ. ಬೆಳಗ್ಗೆ ಪೋಲೀಸರು ಬಂದು ಹುಡುಕುತ್ತಾರೆ. ಕಡಲೆಕಾಯಿ ಕಳೆದುಕೊಂಡವನ ಮನೆಯಿಂದ ನೋಡಿದರೆ ಇದೊಂದು ಕಳ್ಳತನದ ಕೇಸು. ಪುಸ್ತಕ ನಮ್ಮನ್ನು ಆ ಮನೆಯಲ್ಲಿ ಕೂರಿಸುವುದಿಲ್ಲ. ತಿನ್ನುವವರ ಪಕ್ಕದಲ್ಲೇ ಕೂರಿಸಿ ಒಂದು ಹಿಡಿ ನಮ್ಮ ಕೈಗೂ ಹಾಕುತ್ತದೆ. ಜಗಲಿಯಲ್ಲಿ ಕೂತೇ ಅಭ್ಯಾಸವಾಗಿದ್ದ ಓದುಗನೂ ಒಂದು ರಾತ್ರಿಯ ಮಟ್ಟಿಗೆ ಆ ಗುಡಿಸಲಿನ ನೆಲದ ಮೇಲೆ ಕೂರಬೇಕಾಯಿತು. ನಾವು ಬೇರೆಯವರ ಹೃದಯಕ್ಕೆ ಸಮನಾಗಲು ಹೆಣಗಿದ್ದು ಸಾಕು, ಈಗ ಅವರ ಸರದಿ.

ನಮ್ಮವರು ಬರೆದದ್ದು ಅಂತ ಮೊರ ಕೆಳಗಿಡಬೇಕಾಗಿಲ್ಲ. ನಮ್ಮ ಪುಸ್ತಕಗಳನ್ನೂ ಕೇರಲೇಬೇಕು. ಎರಡು ಪುಸ್ತಕಗಳ ಎರಡು ಬೆಳ್ಳಿಯರ ಬಗ್ಗೆ ಬೇರೆಯವರನ್ನು ಕೇಳಿದ ಪ್ರಶ್ನೆಯನ್ನು ನಮ್ಮ ಕವಿಗಳನ್ನೂ ಕೇಳಬೇಕು. ನಮ್ಮ ಕ್ರಾಂತಿಗೀತೆಗಳಲ್ಲಿ ಅಣ್ಣ ತಮ್ಮಂದಿರು ಎದ್ದು ನಿಂತರು, ಸರಿ. ಅಕ್ಕ ತಂಗಿಯರು ಎಷ್ಟು ಸಲ ಬಾಯಿ ಬಿಟ್ಟು ಮಾತಾಡಿದರು? ಗುಂಪು ಕಟ್ಟಿಕೊಂಡು ಹಾಡಿದ ಹಾಡಿನಲ್ಲಿ ಕೂಗೆಷ್ಟು, ಕಾಳೆಷ್ಟು? ಈ ಪ್ರಶ್ನೆ ಕೇಳಿದವರನ್ನು ಚಳವಳಿಯ ದ್ರೋಹಿ ಎಂದರೆ ನಾವೂ ಪುಸ್ತಕಕ್ಕೆ ಕುಂಕುಮ ಹಚ್ಚಿದ ಹಾಗೆ.

ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ಗೆಳೆಯರಿಗೆ ಎರಡು ಮಾತು. ಸಿದ್ಧಲಿಂಗಯ್ಯನವರಂಥವರು ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದು ಓದಿ ಬಂದವರು. ಹಾಸ್ಟೆಲು ಊಟದ ಜಾಗ ಮಾತ್ರವಲ್ಲ, ಒಬ್ಬ ಓದಿ ಹತ್ತು ಜನ ಕೇಳುವ ಜಾಗ. ಒಬ್ಬನೇ ಮೂಲೆಯಲ್ಲಿ ಕೂತು ಓದುವುದನ್ನೇ ಓದು ಅಂತ ನಗರ ಹೇಳಿಕೊಟ್ಟಿದೆ. ಆದರೆ ನೀಲಗಾರರು ಮಂಟೇಸ್ವಾಮಿ ಕತೆ ಹೇಳುವಾಗ ರಾತ್ರಿಯೆಲ್ಲ ಕೂತು ಕೇಳಿದ ಜನ ನಾವು. ನಮ್ಮ ಅಜ್ಜಿಯರು ಓದಿದ್ದು ಕಿವಿಯಿಂದ. ಆ ಕಿವಿಯನ್ನು ಕಳೆದುಕೊಂಡು ಕಣ್ಣು ಪಡೆಯುವ ವ್ಯಾಪಾರ ಬೇಡ. ತಿಂಗಳಿಗೊಂದು ರಾತ್ರಿ ಕೇರಿಯ ದೀಪದ ಕೆಳಗೆ ಒಂದು ಪುಸ್ತಕ ಗಟ್ಟಿಯಾಗಿ ಓದಿ. ಜನ ಎಲ್ಲಿ ನಕ್ಕರು, ಎಲ್ಲಿ ಸಿಟ್ಟಾದರು, ಎಲ್ಲಿ ಎದ್ದು ಹೋದರು ಅಂತ ಗಮನಿಸಿ. ಅದೇ ನಮ್ಮ ವಿಮರ್ಶೆ.

1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಿಯಾಗುತ್ತದೆ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಿಗೆ ಈಗ 'ಅರಿವು ಕೇಂದ್ರ' ಅಂತ ಹೆಸರಿಟ್ಟಿದ್ದಾರೆ. ಹೆಸರು ಚೆನ್ನಾಗಿದೆ. ಅದರ ಬಾಗಿಲು ಎಷ್ಟು ಗಂಟೆಗೆ ತೆಗೆಯುತ್ತದೆ, ಕೂಲಿ ಮುಗಿಸಿ ಬಂದ ಹುಡುಗಿಗೆ ಅದು ತೆರೆದಿರುತ್ತದೆಯೆ, ಅವಳು ಅಲ್ಲಿ ಕುರ್ಚಿಯ ಮೇಲೆ ಕೂರುತ್ತಾಳೆಯೆ ಅಥವಾ ಬಾಗಿಲಲ್ಲಿ ನಿಂತು ಪುಸ್ತಕ ಪಡೆಯುತ್ತಾಳೆಯೆ, ಹೋಗಿ ನೋಡಿ. ಅಂಬೇಡ್ಕರರ ಬರಹ ಭಾಷಣಗಳನ್ನು ಸರ್ಕಾರವೇ ಕನ್ನಡದಲ್ಲಿ ಸಂಪುಟಗಳಾಗಿ ತಂದಿದೆ. ಅವು ಬೀರುವಿನ ಗಾಜಿನ ಹಿಂದೆ ಬೀಗ ಹಾಕಿಸಿಕೊಂಡು ಕೂತಿದ್ದರೆ ಬೀಗದ ಕೈ ಕೇಳಿ.

ಪಠ್ಯಪುಸ್ತಕ ಯಾರ ಕೈಯಲ್ಲಿದೆ ಎಂಬ ಜಗಳ ಇನ್ನೂ ಮುಗಿದಿಲ್ಲ. 2022ರಲ್ಲಿ ಪಠ್ಯ ಪರಿಷ್ಕರಣೆಯ ವಿವಾದವೆದ್ದಾಗ ದೇವನೂರ ಮಹಾದೇವ ತಮ್ಮ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನೇ ಹಿಂದಕ್ಕೆ ಪಡೆದರು. ತನ್ನ ಅಕ್ಷರ ಯಾರ ಪಂಕ್ತಿಯಲ್ಲಿ ಕೂರಬೇಕು, ಕೂರಬಾರದು ಎಂದು ಹೇಳುವ ಹಕ್ಕು ನಮ್ಮ ಲೇಖಕನಿಗೆ ಬಂದಿದೆ. ಗೋಣಿತಟ್ಟಿನಿಂದ ಇಲ್ಲಿಗೆ ಬಂದ ದಾರಿ ಸಣ್ಣದಲ್ಲ.

ಗೆಳೆಯರೇ, ಪುಸ್ತಕ ಕೈಗೆತ್ತಿಕೊಂಡಾಗ ಕೈ ಮುಗಿಯಬೇಡಿ, ಕಲ್ಲನ್ನೂ ಎತ್ತಬೇಡಿ. ಮೂರು ಪ್ರಶ್ನೆ ಕೇಳಿ. ನಮ್ಮನ್ನು ಎಲ್ಲಿ ಕೂರಿಸುತ್ತೀಯ? ಯಾರ ಮಾತನ್ನು ಕೇಳಿಸುತ್ತೀಯ, ಯಾರದನ್ನು ದಾಟಿ ಹೋಗುತ್ತೀಯ? ಮುಚ್ಚಿಟ್ಟ ಮೇಲೆ ನಾಳೆ ಬೆಳಗ್ಗೆ ನಮ್ಮನ್ನು ಯಾವ ಕೆಲಸಕ್ಕೆ ಎಬ್ಬಿಸುತ್ತೀಯ? ಉತ್ತರ ಕೊಡುವ ಪುಸ್ತಕವನ್ನು ಪಕ್ಕದ ಮನೆಗೂ ಕೊಡಿ. ಉತ್ತರ ಕೊಡದ್ದನ್ನು ಮತ್ತೊಮ್ಮೆ ಮೊರಕ್ಕೆ ಹಾಕಿ.